ಬಟ್ಟೆಯ ಮೇಲಿನ ಕೋಟೆಗೆ ಆರು ಪಾಸ್‌ಪೋರ್ಟ್

ಮಂಡ್ಯದ ನನ್ನ ತವರುಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ, ಒಂದು ಹಳೆಯ ಫೋಟೊ ತೂಗುಹಾಕಿದೆ. ಮೈಸೂರಿನ ದಸರಾ ವಸ್ತುಪ್ರದರ್ಶನದ ಸ್ಟುಡಿಯೊ ಮಳಿಗೆಯೊಂದರಲ್ಲಿ ತೆಗೆಸಿದ್ದು. ಆಗ ನನಗೆ ಎಂಟು ವರ್ಷ, ತಮ್ಮನಿಗೆ ಐದು. ನಮ್ಮ ಹಿಂದೆ ಇಳಿಬಿಟ್ಟಿರುವ ಬಟ್ಟೆಯ ಪರದೆಯ ಮೇಲೆ ನೀಲಿ ಗೋಪುರಗಳ ಕೋಟೆ, ಆಕಾಶದಲ್ಲಿ ಬಾಣಬಿರುಸು, ಒಂದು ಮೂಲೆಯಲ್ಲಿ ಕೈ ಬೀಸುತ್ತಿರುವ ಮಿಕ್ಕಿ ಮೌಸ್. ಅಪ್ಪ ಎಡಗೈಯಲ್ಲಿ ತಮ್ಮನನ್ನು ಹಿಡಿದುಕೊಂಡು, ಬಲಗೈಯನ್ನು ಅಂಗಿಯ ಜೇಬಿನ ಮೇಲೆ ಒತ್ತಿ ಹಿಡಿದು ನಿಂತಿದ್ದಾರೆ. ಊರಿಗೆ ಹಿಂದಿರುಗುವ ರೈಲಿನ ಹಣ ಆ ಜೇಬಿನಲ್ಲಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅಂದಿನ ದಿನಗಳಲ್ಲಿ ವರ್ಷಕ್ಕೊಂದು ಪ್ರವಾಸವೆಂದರೆ ನಮಗೆ ಅದೇ. ಮಂಡ್ಯದಿಂದ ಪ್ಯಾಸೆಂಜರ್ ರೈಲು, ಅರಮನೆಯ ಎದುರಿನ ದೊಡ್ಡಕೆರೆ ಮೈದಾನ, ಮುಖಕ್ಕಿಂತ ಅಗಲವಾದ ಡೆಲ್ಲಿ ಹಪ್ಪಳ, ಜಯಂಟ್ ವೀಲ್, ಮರಣಬಾವಿಯ ಮೋಟರ್‌ಸೈಕಲ್ ಸದ್ದು. ಫೋಟೊ ತೆಗೆಸಿಕೊಂಡ ಮೇಲೆ ನಾನು ಪರದೆಯನ್ನು ಮುಟ್ಟಿ, "ಅಪ್ಪಾ, ಈ ಕೋಟೆ ನಿಜವಾಗಿಯೂ ಇದೆಯಾ?" ಎಂದು ಕೇಳಿದ್ದೆ. "ಇದೆ ಅವ್ವಾ, ಬಹಳ ದೂರ. ನೀನು ದೊಡ್ಡವಳಾಗು, ಹೋಗೋಣ" ಎಂದಿದ್ದರು. ನಾನು ದೊಡ್ಡವಳಾದೆ, ಓದಿದೆ, ಮದುವೆಯಾಗಿ ಮೈಸೂರಿಗೆ ಬಂದೆ. ಆ ಮಾತನ್ನು ಮರೆತೇಬಿಟ್ಟಿದ್ದೆ. ಕಳೆದ ಯುಗಾದಿಗೆ ಮಂಡ್ಯಕ್ಕೆ ಹೋದಾಗ ಒಂಬತ್ತು ವರ್ಷದ ಮಗಳು ಫೋಟೊ ನೋಡಿ ಅದೇ ಪ್ರಶ್ನೆಯನ್ನು ಕೇಳಿದಳು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ ಮಗು, ಆಗಲಿಲ್ಲ" ಎಂದರು. ಅಪ್ಪನಿಗೆ ಎಪ್ಪತ್ತು ದಾಟಿದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ನವೆಂಬರ್‌ವರೆಗೆ, ಏಳು ತಿಂಗಳು ಓಡಾಡಿ, ಆ ಕೋಟೆಯಿರುವ ಡಿಸ್ನಿಲ್ಯಾಂಡ್‌ಗೆ ಹೋಗಿಬಂದಿದ್ದೇವೆ. ನಮ್ಮಂತೆ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಮೊದಲ ಸಲ ಹೊರದೇಶಕ್ಕೆ ಕರೆದೊಯ್ಯುವವರಿಗೆ ಅನುಕೂಲವಾಗಲಿ ಎಂದು, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ಆಟಗಳಷ್ಟೇ ಬೇಕಾಗಿದ್ದರೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ. ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ನಮ್ಮ ಮನೆಗೆ ಹತ್ತಿರ, ಬಿಡದಿಯ ವಂಡರ್‌ಲಾ ಬೆಂಗಳೂರಿನ ದಾರಿಯಲ್ಲೇ ಇದೆ. ಮಕ್ಕಳು ಎರಡನ್ನೂ ನೋಡಿದ್ದಾರೆ. ನಮಗೆ ಬೇಕಾಗಿದ್ದದ್ದು ಆ ಕೋಟೆ. ಡಿಸ್ನಿಯವರ ಇಂಥ ಉದ್ಯಾನಗಳು ಜಗತ್ತಿನಲ್ಲಿ ಆರು ಕಡೆ ಇವೆ: 1955ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ್ದು ಮೊದಲನೆಯದು, ಆಮೇಲೆ ಫ್ಲೋರಿಡಾ, ಟೋಕಿಯೊ, ಪ್ಯಾರಿಸ್, 2005ರಲ್ಲಿ ಹಾಂಗ್‌ಕಾಂಗ್, 2016ರಲ್ಲಿ ಶಾಂಘೈ. ಅಮೆರಿಕದ ವೀಸಾ ಸಂದರ್ಶನ, ಪ್ಯಾರಿಸ್‌ಗೆ ಬೇಕಾದ ಷೆಂಗನ್ ವೀಸಾ, ಅಷ್ಟು ದೂರದ ವಿಮಾನದಲ್ಲಿ ಅಪ್ಪನ ಮಂಡಿನೋವು, ಇವನ್ನೆಲ್ಲ ಲೆಕ್ಕ ಹಾಕಿದಾಗ ಉಳಿದದ್ದು ಹಾಂಗ್‌ಕಾಂಗ್. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಆರು ಗಂಟೆಯೊಳಗಿನ ಹಾದಿ. ಭಾರತೀಯರು 14 ದಿನಗಳವರೆಗೆ ಇರುವುದಾದರೆ ವೀಸಾ ಬೇಡ, ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಕೊಂಡರೆ ಸಾಕು.

ಮೊದಲ ತೊಡಕು ಮಗಳ ಜನನ ಪ್ರಮಾಣಪತ್ರದಲ್ಲಿಯೇ ಇತ್ತು. ಹೆರಿಗೆಗೆ ತವರಿಗೆ ಹೋಗಿದ್ದಾಗ ಅದನ್ನು ಮಾಡಿಸಿದ್ದೆವು. ನಾಮಕರಣಕ್ಕೆ ಮೊದಲೇ ನೋಂದಣಿಯಾಗಿದ್ದರಿಂದ ಹೆಸರಿನ ಜಾಗ ಖಾಲಿ ಉಳಿದಿತ್ತು. ಶಾಲೆಗೆ ಸೇರಿಸುವಾಗ ಆಧಾರ್ ಕೊಟ್ಟಿದ್ದರಿಂದ ಇದು ಗಮನಕ್ಕೇ ಬಂದಿರಲಿಲ್ಲ. ಹೆಸರಿಲ್ಲದ ಪ್ರಮಾಣಪತ್ರ ಹಿಡಿದು ಪಾಸ್‌ಪೋರ್ಟ್ ಕೇಳಲು ಹೋಗುವಂತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಸರನ್ನು ಆಮೇಲೆ ಸೇರಿಸಬಹುದು, ಮಗುವಿಗೆ 15 ವರ್ಷ ಆಗುವವರೆಗೂ ಅವಕಾಶವಿದೆ, ತಡವಾದರೆ ಸಣ್ಣ ಶುಲ್ಕ. ಜನನವಾದ ಊರಿನ ನೋಂದಣಿ ಕಚೇರಿಯಲ್ಲೇ ಆಗಬೇಕಾದ ಕೆಲಸ ಇದು. ಅರ್ಜಿ, ನಮ್ಮಿಬ್ಬರ ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್, ಇಷ್ಟನ್ನು ಕೊಟ್ಟೆವು. ಮೂರು ಸಲ ಮಂಡ್ಯಕ್ಕೆ ಹೋಗಿಬರಬೇಕಾಯಿತು, ಮೂರು ವಾರ ಹಿಡಿಯಿತು. ಇದನ್ನು ಓದುತ್ತಿರುವವರು ದಯವಿಟ್ಟು ಈಗಲೇ ಎದ್ದು ಬೀರು ತೆಗೆದು ನಿಮ್ಮ ಮಕ್ಕಳ ಪತ್ರದಲ್ಲಿ ಹೆಸರಿದೆಯೇ ನೋಡಿಬಿಡಿ. ಮಗನದ್ದು ಸರಿಯಾಗಿತ್ತು.

ಎರಡನೆಯದು ಅಪ್ಪನ ಕಾಗದಗಳು. ಇಲ್ಲಿ ನಾನು ಅಂದುಕೊಂಡದ್ದೆಲ್ಲ ತಲೆಕೆಳಗಾಯಿತು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹುಟ್ಟಿದ ದಿನ ಗೊತ್ತಿಲ್ಲ; ಅವಳ ದಾಖಲೆಗಳೇ ತೊಂದರೆ ಕೊಡುತ್ತವೆ ಎಂದು ಹೆದರಿದ್ದೆ. ಆದರೆ ಅವಳ ಆಧಾರ್, ಪಾನ್, ಮತದಾರರ ಚೀಟಿ ಮೂರರಲ್ಲೂ ಜನವರಿ ಒಂದನೆಯ ತಾರೀಖೇ ಇತ್ತು, ವರ್ಷವೂ ಒಂದೇ. ಒಂದು ಪ್ರಶ್ನೆಯೂ ಬರಲಿಲ್ಲ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಒಂದೊಂದು ಕಾಗದವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ಅಪ್ಪನದ್ದೇ ಹೊಂದಾಣಿಕೆಯಾಗಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜೂನ್ ತಿಂಗಳ ದಿನಾಂಕ, ಆಧಾರ್‌ನಲ್ಲಿ ಜನವರಿ ಒಂದು. ಸಾಲದ್ದಕ್ಕೆ ಹೆಸರಿನ ಕೊನೆಯ 'ಗೌಡ'ವನ್ನು ಇಂಗ್ಲಿಷಿನಲ್ಲಿ ಒಂದರಲ್ಲಿ 'ಡಬ್ಲ್ಯು' ಹಾಕಿ, ಇನ್ನೊಂದರಲ್ಲಿ 'ಯು' ಹಾಕಿ ಬರೆದಿದ್ದರು.

ಅಂಕಪಟ್ಟಿಯನ್ನು ಆಧಾರವಾಗಿ ಕೊಟ್ಟು ಆಧಾರ್ ತಿದ್ದಿಸಿದೆವು. ಹುಟ್ಟಿದ ದಿನಾಂಕವನ್ನು ಬದಲಿಸಲು ಸಾಮಾನ್ಯವಾಗಿ ಒಂದೇ ಒಂದು ಅವಕಾಶ, ಆದ್ದರಿಂದ ಕೇಂದ್ರದಲ್ಲಿ ಟೈಪ್ ಮಾಡಿದ ಚೀಟಿಯನ್ನು ಎರಡು ಸಲ ಓದಿ ನೋಡಿ ಸಹಿ ಹಾಕಿ. ಬೆರಳಚ್ಚು ಕೊಡುವಾಗ ಅಪ್ಪನ ಬೆರಳು ಯಂತ್ರಕ್ಕೆ ಸಿಗಲೇ ಇಲ್ಲ. ಕಾರ್ಖಾನೆಯ ಯಂತ್ರ ಹಿಡಿದು ಹಿಡಿದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಒದ್ದೆ ಬಟ್ಟೆಯಿಂದ ಒರೆಸಿ, ಉಜ್ಜಿ, ಮತ್ತೆ ಮತ್ತೆ ಇಡಿಸಿದರು. ಆರನೆಯ ಸಲವೋ ಏಳನೆಯ ಸಲವೋ ಹಸಿರು ದೀಪ ಹತ್ತಿತು. ಅಪ್ಪ ಹೊರಗೆ ಬಂದು, "ನನ್ನ ಕೈಯನ್ನೇ ನನ್ನದಲ್ಲ ಎನ್ನುತ್ತಿದೆಯಲ್ಲ ಅವ್ವಾ, ಇದೆಲ್ಲ ಏಕೆ? ನೀವು ನಾಲ್ವರು ಹೋಗಿಬನ್ನಿ" ಎಂದರು. ಏಳು ತಿಂಗಳಲ್ಲಿ ನಾನು ನಿಜವಾಗಿ ಎದೆಗುಂದಿದ್ದು ಅದೊಂದೇ ದಿನ. ಪಕ್ಕದ ಹೋಟೆಲಿನಲ್ಲಿ ಕೂರಿಸಿ, ಮಸಾಲೆ ದೋಸೆ ತಿನ್ನಿಸಿ, ಫೋಟೊದ ಮಾತು ಎತ್ತಿದೆ. ಸುಮ್ಮನಾದರು.

ಆಧಾರ್ ಹೊಸ ದಿನಾಂಕ ತೋರಿಸುವ ಹೊತ್ತಿಗೆ ಜುಲೈ ಮುಗಿದಿತ್ತು. ಅಷ್ಟರಲ್ಲಿ ಪಾನ್ ಕಾರ್ಡಿನ ಕಾಗುಣಿತವನ್ನೂ ಸರಿಪಡಿಸಿಕೊಂಡೆವು. ಇನ್ನೊಂದು ವಿಷಯ: ಹಾಂಗ್‌ಕಾಂಗ್‌ಗೆ ಹೋಗುವವರ ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನನ್ನದು ಸರಿ ಇತ್ತು, ನಮ್ಮ ಯಜಮಾನರದ್ದು ಬರುವ ಫೆಬ್ರವರಿಗೆ ಮುಗಿಯುತ್ತಿತ್ತು. ಅದನ್ನು ಜೂನ್‌ನಲ್ಲೇ ನವೀಕರಿಸಿಕೊಂಡಿದ್ದರು.

ಪಾಸ್‌ಪೋರ್ಟ್ ಅರ್ಜಿಗೆ ನಾವು ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ಆರಿಸಿಕೊಂಡೆವು. ದೇಶದಲ್ಲಿ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಮೊದಲಿಗೆ ಬಂದದ್ದು 2017ರ ಜನವರಿ 25ರಂದು, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯವರು ಬೆಂಗಳೂರಿಗೇ ಹೋಗಬೇಕಿತ್ತು. ನನ್ನ ಮೊದಲ ಪಾಸ್‌ಪೋರ್ಟ್‌ಗೆ ಬೆಳಗಿನ ಜಾವ ಎದ್ದು ಹಾಗೆ ಹೋದವಳು ನಾನು. ಅಪ್ಪ ಅಮ್ಮನ ವಿಳಾಸ ಮಂಡ್ಯದ್ದಾದರೂ ಅರ್ಜಿ ಮೈಸೂರಿನಲ್ಲಿ ಕೊಡಬಹುದು, ಅಡ್ಡಿಯಿಲ್ಲ. ಪೊಲೀಸ್ ಪರಿಶೀಲನೆ ಮಾತ್ರ ವಿಳಾಸವಿರುವ ಊರಿನಲ್ಲಿ ನಡೆಯುತ್ತದೆ.

ಒಬ್ಬೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಸಾಮಾನ್ಯ ಪಾಸ್‌ಪೋರ್ಟ್‌ಗೆ ದೊಡ್ಡವರಿಗೆ 1500 ರೂಪಾಯಿ, ಮಕ್ಕಳಿಗೆ 1000. ಎಂಟು ವರ್ಷದೊಳಗಿನವರಿಗೂ ಅರವತ್ತು ದಾಟಿದವರಿಗೂ ಹೊಸ ಅರ್ಜಿಯಲ್ಲಿ ಶೇ 10ರಷ್ಟು ರಿಯಾಯಿತಿ ಇದೆ. ಹಾಗಾಗಿ ಮಗಳಿಗೆ 1000, ಐದು ವರ್ಷದ ಮಗನಿಗೆ 900, ಅಪ್ಪ ಅಮ್ಮನಿಗೆ ತಲಾ 1350 ಆಯಿತು. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ 'ಅನೆಕ್ಷರ್ ಡಿ' ಎಂಬ ಒಪ್ಪಿಗೆ ಪತ್ರ ಬೇಕೇ ಬೇಕು. ನಮ್ಮ ಮೂಲ ಪಾಸ್‌ಪೋರ್ಟ್‌ಗಳನ್ನೂ ಜೆರಾಕ್ಸ್ ಪ್ರತಿಗಳನ್ನೂ ಒಯ್ದಿದ್ದೆವು, ಎರಡನ್ನೂ ಕೇಳಿದರು. ಮಗ ಫೋಟೊ ತೆಗೆಯುವಾಗ ಕಣ್ಣು ಮುಚ್ಚುತ್ತಲೇ ಇದ್ದ. ಅಲ್ಲಿದ್ದ ಸಿಬ್ಬಂದಿ ಬೇಸರಿಸಿಕೊಳ್ಳದೆ ನಾಲ್ಕು ಸಲ ತೆಗೆದರು. ಅವರ ತಾಳ್ಮೆಗೆ ನಾನು ಋಣಿ. ಹನ್ನೊಂದಕ್ಕೆ ಒಳಗೆ ಹೋದವರು ಎರಡು ಗಂಟೆಗೆ ಹೊರಬಂದೆವು. ಸಕ್ಕರೆ ಕಾಯಿಲೆಯವರು ಜೊತೆಯಲ್ಲಿದ್ದರೆ ಒಂದು ಬಾಳೆಹಣ್ಣು, ನೀರಿನ ಬಾಟಲಿ ಚೀಲದಲ್ಲಿರಲಿ. ಅಮ್ಮನಿಗೆ ಒಂದು ಗಂಟೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದಂತಾಗಿ ನಾವೆಲ್ಲ ಗಾಬರಿಯಾಗಿದ್ದೆವು.

ನಮ್ಮಿಬ್ಬರಿಗೂ ಪಾಸ್‌ಪೋರ್ಟ್ ಇದ್ದದ್ದರಿಂದ ಮಕ್ಕಳಿಗೆ ಪೊಲೀಸ್ ಪರಿಶೀಲನೆ ಬರಲಿಲ್ಲ, ಎರಡು ವಾರದೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಬಂದವು. ಅಪ್ಪ ಅಮ್ಮನದ್ದಕ್ಕೆ ಬಂತು. ಎಪ್ಪತ್ತು ವರ್ಷ ಪೊಲೀಸರ ಬಾಗಿಲು ತುಳಿಯದೆ ಬದುಕಿದ ಅಪ್ಪನಿಗೆ ಪೊಲೀಸರು ಮನೆಗೆ ಬರುತ್ತಾರೆ ಎಂಬುದೇ ದೊಡ್ಡ ಸಂಕಟವಾಗಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಎರಡು ದಿನ ಜಗಲಿಯಲ್ಲೇ ಕಾದರಂತೆ. ಮೂರನೆಯ ದಿನ ಬಂದವರು ಆಧಾರ್ ನೋಡಿ, ಅಕ್ಕಪಕ್ಕದ ಇಬ್ಬರನ್ನು ವಿಚಾರಿಸಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಎಲ್ಲಿಗೆ ಯಜಮಾನರೇ ಪ್ರಯಾಣ?" ಎಂದು ಕೇಳಿ ಹೋದರಂತೆ. ಹಿರಿಯರಿಗೆ ಈ ವಿಷಯವನ್ನು ಮುಂಚೆಯೇ ಬಿಡಿಸಿ ಹೇಳಬೇಕಿತ್ತು, ನಾನು ಹೇಳಿರಲಿಲ್ಲ.

ಪಾಸ್‌ಪೋರ್ಟ್ ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ಕೊಳ್ಳಬೇಡಿ. ದಸರಾ ರಜೆಯಲ್ಲಿ ಹೋಗೋಣವೆಂದು ಮಗಳು ಹಟ ಹಿಡಿದಿದ್ದಳು, ದರ ಕಡಿಮೆಯಿದೆ ಎಂದು ಜುಲೈನಲ್ಲೇ ಕೊಳ್ಳುವವರಿದ್ದೆವು. ಕೊಂಡಿದ್ದರೆ ಅಷ್ಟೂ ಹಣ ಹೋಗುತ್ತಿತ್ತು, ಅಪ್ಪನ ಪಾಸ್‌ಪೋರ್ಟ್ ಬಂದದ್ದು ಸೆಪ್ಟೆಂಬರ್ ಕೊನೆಗೆ. ದಸರಾ ರಜೆ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಅಕ್ಟೋಬರ್ 1 ಚೀನಾದ ರಾಷ್ಟ್ರೀಯ ದಿನ, ಅಲ್ಲಿ ಆ ವಾರವೆಲ್ಲ ರಜೆ, ಹಾಂಗ್‌ಕಾಂಗ್‌ನಲ್ಲಿ ಜನಜಂಗುಳಿ. ನಮ್ಮ ದಸರಾ ಹಲವು ವರ್ಷ ಅದರ ಜೊತೆಗೇ ಬರುತ್ತದೆ. ಗಾಳಿಮಳೆಯ ಕಾಲವೂ ಪೂರ್ತಿ ಮುಗಿದಿರುವುದಿಲ್ಲ. ನವೆಂಬರ್ ನಡುವೆ ಶಾಲೆಗೆ ನಾಲ್ಕು ದಿನ ರಜೆ ಕೇಳಿಕೊಂಡೆವು. ಹವೆ ನಮ್ಮ ಮೈಸೂರಿನ ಡಿಸೆಂಬರ್‌ನಂತೆ ಹಿತವಾಗಿತ್ತು.

ಹಾಂಗ್‌ಕಾಂಗ್‌ನ ಮುಂಗಡ ನೋಂದಣಿಗೆ ಹಣವಿಲ್ಲ. ಅಲ್ಲಿನ ಸರ್ಕಾರದ ವಲಸೆ ಇಲಾಖೆಯ ಜಾಲತಾಣದಲ್ಲೇ ಮಾಡಬೇಕು, ಮಕ್ಕಳು ಸೇರಿ ಪ್ರತಿಯೊಬ್ಬರಿಗೂ ಬೇರೆ ಬೇರೆ. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಅಕ್ಷರ ಅಕ್ಷರ ತುಂಬಬೇಕು. ಉತ್ತರ ಕೂಡಲೇ ಬರುತ್ತದೆ, ಬಂದ ಚೀಟಿಯನ್ನು ಬಿಳಿ ಎ4 ಹಾಳೆಯಲ್ಲಿ ಮುದ್ರಿಸಿಕೊಳ್ಳಬೇಕು. ಆರು ತಿಂಗಳು ನಡೆಯುತ್ತದೆ, ಆ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ಇದನ್ನು ಮಾಡಿಕೊಡಲು ಹಣ ಕೇಳುವ ತಾಣಗಳೂ ಇವೆ. ನಾನೂ ಮೊದಲು ಅಂಥದ್ದೊಂದನ್ನು ತೆರೆದಿದ್ದೆ, ಯಜಮಾನರು ನೋಡಿ ತಡೆದರು. ಆರು ಹಾಳೆಗಳೂ ಕೈಗೆ ಬಂದ ಮೇಲಷ್ಟೇ ಟಿಕೆಟ್ ಕೊಂಡೆವು.

ಟಿಕೆಟ್‌ನಲ್ಲಿ ಅಮ್ಮನ ಹೆಸರು ಅಡ್ಡ ಬಂತು. ಅವಳದ್ದು ಒಂದೇ ಪದದ ಹೆಸರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಟಿಕೆಟ್ ಕಾಯ್ದಿರಿಸುವ ಪುಟ ಎರಡೂ ಜಾಗ ತುಂಬದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಊಹೆ ಮಾಡಿ ಏನನ್ನೂ ತುಂಬದೆ ವಿಮಾನ ಕಂಪನಿಗೆ ಫೋನ್ ಮಾಡಿ, ಅವರು ಹೇಳಿದಂತೆಯೇ ತುಂಬಿದೆವು. ನಿಮ್ಮ ಮನೆಯ ಹಿರಿಯರದ್ದೂ ಒಂದೇ ಪದದ ಹೆಸರಾದರೆ ಇದೊಂದು ಕರೆಯನ್ನು ತಪ್ಪಿಸಬೇಡಿ.

ಹಣದ ವಿಷಯ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆರು ಜನರ ವಿಮಾನಕ್ಕೆ ಸುಮಾರು 1,86,000 ರೂಪಾಯಿ ಆಯಿತು. ಎರಡು ವರ್ಷ ದಾಟಿದ ಮಕ್ಕಳಿಗೂ ಹೆಚ್ಚುಕಡಿಮೆ ಪೂರ್ತಿ ದರ. ಎರಡು ಕೋಣೆ, ಮೂರು ರಾತ್ರಿಗೆ 75,000. ಉದ್ಯಾನದ ಟಿಕೆಟ್ ದರ ದಿನದಿಂದ ದಿನಕ್ಕೆ ಬೇರೆ; ನಾವು ವಾರದ ನಡುವಿನ ದಿನ ಆರಿಸಿಕೊಂಡಿದ್ದರಿಂದ ನಮಗೆ ತಲಾ ಎಂಟು ಸಾವಿರದ ಹತ್ತಿರ, ಮಕ್ಕಳಿಗೆ ಸ್ವಲ್ಪ ಕಡಿಮೆ. ಹಿರಿಯರಿಗೆ ಬರೀ 100 ಹಾಂಗ್‌ಕಾಂಗ್ ಡಾಲರ್, ಅಂದರೆ 1100 ರೂಪಾಯಿ ಚಿಲ್ಲರೆ. ಇದನ್ನು ತಿಳಿದು ಅಪ್ಪನ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ಮರೆಯಲಾರೆ. ಊಟ, ಓಡಾಟ ಎಲ್ಲ ಸೇರಿ ಮೂರೂವರೆ ಲಕ್ಷ ಖರ್ಚಾಯಿತು. ನನ್ನ ಎರಡು ವರ್ಷದ ಚೀಟಿ ಹಣ, ಯಜಮಾನರ ಬೋನಸ್ ಅದಕ್ಕೆ ಹೋಯಿತು. ಸಾಲ ಮಾಡಲಿಲ್ಲ.

ಇಷ್ಟೆಲ್ಲ ಆದ ಮೇಲೂ ಅಮ್ಮ ಹೊರಡಲು ಒಪ್ಪಿರಲಿಲ್ಲ. ಎರಡು ಹಸುಗಳಿವೆ, ಹಾಲು ಕರೆಯುವವರು ಯಾರು ಎಂಬುದು ಅವಳ ಚಿಂತೆ. ಕೊನೆಗೆ ತಮ್ಮ ಐದು ದಿನ ರಜೆ ಹಾಕಿ ಮಂಡ್ಯಕ್ಕೆ ಬಂದ. "ನನ್ನ ಪಾಲಿನ ಪ್ರವಾಸ ಮುಂದಿನ ಸಲ, ಈ ಸಲ ನೀವು ಹೋಗಿಬನ್ನಿ ಅಕ್ಕಾ" ಎಂದ. ಫೋಟೊದಲ್ಲಿ ಅವನೂ ಇದ್ದಾನೆ. ಅವನಿಲ್ಲದೆ ಹೊರಟದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮೈಸೂರಿನಿಂದ ಫ್ಲೈಬಸ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ, ಎರಡನೆಯ ಟರ್ಮಿನಲ್. ಅಮ್ಮನ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಂಡಿದ್ದೆವು. ಹಾಂಗ್‌ಕಾಂಗ್‌ನಲ್ಲಿ ಇಳಿದಾಗ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿತ್ತು. ವಲಸೆ ಅಧಿಕಾರಿ ಅಪ್ಪನ ಹಾಳೆ ನೋಡಿ, ಮುಖ ನೋಡಿ, ಒಂದು ಪುಟ್ಟ ಚೀಟಿ ಕೊಟ್ಟರು. ಅಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ, ಚೀಟಿಯಷ್ಟೇ. ಅದನ್ನು ಕಳೆಯದಂತೆ ಇಟ್ಟುಕೊಳ್ಳಿ. ಅಪ್ಪ ಪಾಸ್‌ಪೋರ್ಟನ್ನೂ ಚೀಟಿಯನ್ನೂ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ಕೋಣೆಯ ತಿಜೋರಿಯಲ್ಲಿ ಇಡೋಣವೆಂದರೂ ಕೇಳಲಿಲ್ಲ.

ನಾವು ಉಳಿದದ್ದು ತುಂಗ್ ಚುಂಗ್‌ನಲ್ಲಿ. ವಿಮಾನ ನಿಲ್ದಾಣಕ್ಕೆ ಹತ್ತಿರ, ಡಿಸ್ನಿಲ್ಯಾಂಡ್ ಇರುವ ಲಾಂಟಾವ್ ದ್ವೀಪದಲ್ಲೇ ಇದೆ. ಮೆಟ್ರೊದಲ್ಲಿ ಒಂದೇ ನಿಲ್ದಾಣ ದಾಟಿ ಸನ್ನಿ ಬೇಯಲ್ಲಿ ಬದಲಿಸಿದರೆ ಡಿಸ್ನಿಯ ರೈಲು, ಅದರ ಕಿಟಕಿಗಳೂ ಹಿಡಿಕೆಗಳೂ ಮಿಕ್ಕಿಯ ತಲೆಯ ಆಕಾರ. ಮಗ ಹಿಡಿಕೆಯೊಂದನ್ನು ಹಿಡಿದವನು ಬಿಡಲೇ ಇಲ್ಲ.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ. ಗಣಿಯ ಬಂಡಿಯಲ್ಲಿ ಕೂರಿಸಿ ಬೆಟ್ಟ ಸುತ್ತಿಸುವ, ನಡುವೆ ಹಿಂದಕ್ಕೂ ಓಡುವ 'ಬಿಗ್ ಗ್ರಿಜ್ಲಿ' ಆಟಕ್ಕೆ 112 ಸೆಂಟಿಮೀಟರ್ ಬೇಕು. ಮಗ 108. ಬಾಗಿಲಿನವರೆಗೆ ಸಾಲಿನಲ್ಲಿ ನಿಂತು ಹಿಂದಿರುಗುವಾಗ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅವನನ್ನು ಉದ್ಯಾನವನ್ನು ಸುತ್ತುವ ರೈಲಿಗೆ ಕರೆದುಕೊಂಡು ಹೋದರು. ನಾನೂ ಮಗಳೂ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂಡಿಯೇರಿ ಬರುವಷ್ಟರಲ್ಲಿ ಅವರಿಬ್ಬರೂ ಮೂರು ಸುತ್ತು ಮುಗಿಸಿದ್ದರು. ಮೊಮ್ಮಗನಿಗೆ ಮಂಡ್ಯದ ಪ್ಯಾಸೆಂಜರ್ ರೈಲಿನ ಕಥೆ ಹೇಳುತ್ತಿದ್ದರು.

ಕೋಟೆ ಪರದೆಯ ಮೇಲಿದ್ದ ಹಾಗಿಲ್ಲ. ಅದನ್ನು 2020ರಲ್ಲಿ ಹೊಸದಾಗಿ ಎತ್ತರಿಸಿ ಕಟ್ಟಿದ್ದಾರೆ, ಗೋಪುರಗಳು ಜಾಸ್ತಿ, ಬಣ್ಣವೂ ಬೇರೆ. ಮಗಳು ಮೊಬೈಲ್‌ನಲ್ಲಿದ್ದ ಹಳೆಯ ಫೋಟೊವನ್ನು ಅದರ ಪಕ್ಕ ಹಿಡಿದು, "ಅಜ್ಜಾ, ಇದು ಅದಲ್ಲ" ಎಂದಳು. ಅಪ್ಪ ತುಂಬ ಹೊತ್ತು ತಲೆಯೆತ್ತಿ ನೋಡಿ, "ಅದೇ ಮಗು. ಬರೆದವನು ನೋಡಿರಲಿಲ್ಲ ಅಷ್ಟೇ" ಎಂದರು. ಅಮ್ಮ ಕೆಳಗಿನ ಕಲ್ಲುಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಜಮಾನರು ಫೋಟೊ ತೆಗೆದರು. ಆಮೇಲೆ ಕೋಣೆಯಲ್ಲಿ ನೋಡಿದಾಗ ಗಮನಿಸಿದೆ: ಅಪ್ಪ ಎಡಗೈಯಲ್ಲಿ ಮೊಮ್ಮಗನನ್ನು ಹಿಡಿದಿದ್ದಾರೆ, ಬಲಗೈ ಅಂಗಿಯ ಜೇಬಿನ ಮೇಲೆ, ಪಾಸ್‌ಪೋರ್ಟ್ ಇದ್ದ ಜಾಗದಲ್ಲಿ ಒತ್ತಿಕೊಂಡಿದೆ.

ಕಳೆದ ಭಾನುವಾರ ಅವರಿಬ್ಬರನ್ನು ಮಂಡ್ಯಕ್ಕೆ ಬಿಟ್ಟು ಬಂದೆ. ತಮ್ಮ ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಅಪ್ಪ ಟ್ರಂಕ್ ತೆಗೆದು, ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಕಪಟ್ಟಿಯ ಪಕ್ಕ ಇಟ್ಟರು. ನೋಂದಣಿಯ ಬಿಳಿ ಹಾಳೆಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು, "ಇದು ಎಲ್ಲಿಯವರೆಗೆ ನಡೆಯುತ್ತದೆ ಅವ್ವಾ?" ಎಂದು ಕೇಳಿದರು.

"ಏಪ್ರಿಲ್‌ವರೆಗೆ ಅಪ್ಪಾ."

ಅವರು ಹೊರಗೆ ಕೊಟ್ಟಿಗೆಯ ಕಡೆ ತಿರುಗಿ, "ನಿನ್ನ ಆಧಾರ್‌ನಲ್ಲಿ ಹುಟ್ಟಿದ ತಾರೀಖು ಸರಿ ಇದೆಯೇನೋ?" ಎಂದು ತಮ್ಮನನ್ನು ಕೂಗಿ ಕೇಳಿದರು.